ಎಡಗಡೆ ಅಕ್ಕ, ಬಲಗಡೆ ತಮ್ಮ

ನನ್ನ ಅತ್ತೆಯ ಮುಖವನ್ನು ಮೊದಲ ಸಲ ನೋಡಿದವರು ತಟ್ಟನೆ ಬೇರೆ ಕಡೆ ತಿರುಗುತ್ತಾರೆ. ಎಡ ಕಿವಿಯ ಬುಡದಿಂದ ಬಾಯಿಯ ಮೂಲೆಯವರೆಗೆ ಒಂದು ಗಾಯದ ಗೆರೆ. ಹೊಲಿದ ಡಾಕ್ಟರಿಗೆ ಏನು ಅವಸರವಿತ್ತೋ, ಗೋಣಿಚೀಲದ ಬಾಯಿ ಹೊಲಿದ ಹಾಗಿದೆ. ನಕ್ಕರೆ ಮುಖದ ಅರ್ಧ ಮಾತ್ರ ನಗುತ್ತದೆ. ಮದುವೆ ಮಾತುಕತೆಗೆ ಹೋದ ದಿನ ನನ್ನ ಅಮ್ಮ ನನ್ನನ್ನು ಮೂಲೆಗೆ ಎಳೆದು, "ಗಂಡ ಹೊಡೆದದ್ದೇನೇ?" ಎಂದು ಕಿವಿಯಲ್ಲಿ ಕೇಳಿದ್ದಳು.

ಗಂಡ ಅಲ್ಲ, ತಂತಿ. ಗಂಡನ ಕಥೆ ಬೇರೆಯೇ ಇದೆ.

ಅತ್ತೆ ದೋಣಿ ಯಾರ್ಡಿನಲ್ಲಿ ಕೆಲಸ ಮಾಡುತ್ತಾರೆ. ಹಾಯಿದೋಣಿಗಳಲ್ಲಿ ಹಾಯಿ ಕಟ್ಟುವ ಕೂವೆಕಂಬ ನಿಲ್ಲಿಸಿ ತಂತಿ ಬಿಗಿಯುವ ಕೆಲಸ. ಮದುವೆಯಾಗಿ ಬರುವವರೆಗೂ ನಾನು ಆ ಕಂಬವನ್ನು ದೋಣಿಯ ಹೊಟ್ಟೆಯಲ್ಲಿ ಹೂತಿರುತ್ತಾರೆ, ಕರೆಂಟ್ ಕಂಬದ ಹಾಗೆ, ಅಂದುಕೊಂಡಿದ್ದೆ. ಹೂಳುವುದೇ ಇಲ್ಲವಂತೆ. ಕಂಬದ ಬುಡ ಒಂದು ಕಬ್ಬಿಣದ ಬಟ್ಟಲಿನಲ್ಲಿ ಸುಮ್ಮನೆ ಕೂತಿರುತ್ತದೆ. ಅದು ನಿಂತಿರುವುದು ಎಡಕ್ಕೂ ಬಲಕ್ಕೂ ಹಿಂದಕ್ಕೂ ಮುಂದಕ್ಕೂ ಉಕ್ಕಿನ ತಂತಿಗಳು ಜಗ್ಗುತ್ತಿರುವುದರಿಂದ. ಒಂದು ತಂತಿ ಕೈಬಿಟ್ಟರೆ ಉಳಿದವು ಅದನ್ನು ತಮ್ಮ ಕಡೆ ಎಳೆದು ಕೆಡವುತ್ತವೆ. ಇದನ್ನು ಕೇಳಿದ ಮೇಲೆ ನನಗೆ ಹಾಯಿದೋಣಿಯ ಚಿತ್ರವಿರುವ ಕ್ಯಾಲೆಂಡರ್ ನೋಡಿದರೂ ಎದೆ ಡವಗುಟ್ಟುತ್ತದೆ.

ಪ್ರತಿ ತಂತಿಯ ಕೆಳತುದಿಯಲ್ಲೂ ಒಂದು ಟರ್ನ್‌ಬಕಲ್ ಇರುತ್ತದೆ. ಯಾರ್ಡಿನವರು ಅದನ್ನು ಬರೀ ತಿರುಪು ಅನ್ನುತ್ತಾರೆ. ಅಂಗೈಯಷ್ಟು ಉದ್ದದ ಉಕ್ಕಿನ ಚೌಕಟ್ಟು. ಮೇಲಿನಿಂದ ಒಂದು ಸ್ಕ್ರೂ, ಕೆಳಗಿನಿಂದ ಒಂದು ಸ್ಕ್ರೂ. ಎರಡರ ಮೈಮೇಲಿನ ಸುತ್ತುಗೆರೆಗಳೂ ಒಂದಕ್ಕೊಂದು ಉಲ್ಟಾ. ಚೌಕಟ್ಟನ್ನು ಒಂದು ಕಡೆ ತಿರುಗಿಸಿದರೆ ಎರಡೂ ಸ್ಕ್ರೂ ಒಳಗೆ ಬಂದು ತಂತಿ ಬಿಗಿಯುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಎರಡೂ ಹೊರಗೆ. ಮಗುವಿನ ಬೆರಳೂ ತಿರುಗಿಸಬಹುದಾದ ಆ ತಿರುಪಿನಿಂದ ದೋಣಿಯ ಪಕ್ಕೆ ಮುರಿಯುವಷ್ಟು ಬಿಗಿ ತರಬಹುದು. ಹದ ಸಿಕ್ಕಿದ ಮೇಲೆ ಸ್ಕ್ರೂಗಳ ತೂತಿಗೆ ಒಂದೊಂದು ಪಿನ್ ತೂರಿಸಿ, ಅದರ ಕಾಲು ಅಗಲಿಸಿ, ಹಾಯಿ ಸಿಕ್ಕಿ ಹರಿಯದ ಹಾಗೆ ಮೇಲೆ ಟೇಪ್ ಸುತ್ತಬೇಕು. ಪಿನ್ ಇಲ್ಲದಿದ್ದರೆ ದೋಣಿ ನಡುಗಿದ ಹಾಗೆಲ್ಲ ತಿರುಪು ತನ್ನಷ್ಟಕ್ಕೇ ಬಿಚ್ಚಿಕೊಳ್ಳುತ್ತದೆ.

ಈ ವಿದ್ಯೆ ಅತ್ತೆಗೆ ಅವರ ಅಪ್ಪನಿಂದ ಬಂತು. ಅಪ್ಪನ ಕಲಿಸುವ ಕ್ರಮ ಹೀಗೆ: ಎಡಗಡೆ ಮಗಳು, ಬಲಗಡೆ ಮಗ, ನಡುವೆ ನೆನೆಸಿದ ಹಗ್ಗದ ತುಂಡು ಹಿಡಿದ ಆತ. ಕಂಬ ಎಡಕ್ಕೆ ವಾಲಿದರೆ ಮಗಳ ಬೆನ್ನಿಗೆ, ಬಲಕ್ಕೆ ವಾಲಿದರೆ ಮಗನ ಬೆನ್ನಿಗೆ. ನೆಟ್ಟಗೆ ನಿಂತರೆ?

"ನೆಟ್ಟಗೆ ನಿಂತರೆ ಇಬ್ಬರಿಗೂ ಒಂದೊಂದು," ಅನ್ನುತ್ತಿದ್ದರು ಅತ್ತೆ, ತರಕಾರಿ ಹೆಚ್ಚುತ್ತಾ, ನಾಳೆ ಮೋಡವಂತೆ ಅನ್ನುವ ಧಾಟಿಯಲ್ಲಿ. "ಇಲ್ಲದಿದ್ರೆ ಕೊಬ್ಬು ಬರುತ್ತಂತೆ."

ಅತ್ತೆಗೆ ಮದುವೆಯಾದ ಮೇಲೆ ಗಂಡನೂ ಕೈ ಎತ್ತಿದ. ಕೆಲವು ದಿನ ಸಹಿಸಿದರು. ಒಂದು ಬೆಳಿಗ್ಗೆ, ಕಂಬದ ತುದಿಯ ರಾಟೆ ಸಿಕ್ಕಿಕೊಂಡಿದೆ, ಹತ್ತಿ ನೋಡು ಅಂತ ಅವನನ್ನು ಹಗ್ಗದ ಜೋಲಿಯಲ್ಲಿ ಕೂರಿಸಿ ತುದಿಗೆ ಎಳೆದು, ಹಗ್ಗವನ್ನು ಕೆಳಗೆ ಕಟ್ಟಿ, ಊಟಕ್ಕೆ ಹೋದರು. ಊಟ ಮುಗಿಸಿ ಬಂದು ಕಂಬದ ಕೆಳಗೇ ಮಲಗಿ ಒಂದು ನಿದ್ದೆ ತೆಗೆದರು. ಗಾಳಿಗೆ ಕಂಬ ತೂಗಿದಾಗೆಲ್ಲ ಮೇಲಿನವನು ಕಂಬಕ್ಕೆ ಬಡಿದುಕೊಂಡು ಕಿರುಚುತ್ತಿದ್ದ. ಸಂಜೆ ಇಳಿಸಿದಾಗ ಮಂಡಿ, ಮೊಣಕೈ, ಗದ್ದ ಎಲ್ಲ ಸುಲಿದಿದ್ದವು. ಆಮೇಲೆ ಜ್ವರದಲ್ಲಿ ತೀರಿಕೊಳ್ಳುವವರೆಗೂ ಆ ಮನುಷ್ಯ ಕೈ ಎತ್ತಲಿಲ್ಲ. ಇದನ್ನು ನನಗೆ ಹೇಳಿದ್ದು ಅವರ ಮಗ, ನನ್ನ ಗಂಡ. ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ಆ ರಾತ್ರಿ ಮಗುವಿನ ತೊಟ್ಟಿಲನ್ನು ನನ್ನ ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಮುಖದ ಗೆರೆ ತಮ್ಮನ ಲೆಕ್ಕಕ್ಕೆ ಸೇರಿದ್ದು. ತಮ್ಮ ಅಂದರೆ ನನ್ನ ಗಂಡನ ಸೋದರಮಾವ. ನಾನೂ ಮಾವ ಅಂತಲೇ ಕರೆಯುತ್ತೇನೆ. ಒಂದು ಹಳೆಯ ದೋಣಿಯ ಕಂಬ ಇಳಿಸುವಾಗ ಇಬ್ಬರೂ ಎರಡು ಕಡೆಯಿಂದ ಒಟ್ಟಿಗೆ ತಂತಿ ಸಡಿಲಿಸಬೇಕಿತ್ತು. ಮಾವ ಕೂಗಿ ಹೇಳದೆ ತನ್ನ ಕಡೆಯದನ್ನು ಪೂರ್ತಿ ಬಿಚ್ಚಿಬಿಟ್ಟರು. ಕಂಬ ಜರ್ಕು ಹೊಡೆಯಿತು, ಅತ್ತೆಯ ಕಡೆಯ ತಂತಿ ಕಿತ್ತು ಚಾಟಿಯ ಹಾಗೆ ಬೀಸಿತು. ಕೆನ್ನೆ ತೆರೆದುಕೊಂಡು ದವಡೆ ಹಲ್ಲು ಹೊರಗೆ ಕಂಡವಂತೆ. ಅತ್ತೆ ಬೀಳಲಿಲ್ಲ. ಒಂದು ಕೈಯಲ್ಲಿ ಕೆನ್ನೆ ಒತ್ತಿಕೊಂಡು ದೋಣಿ ದಾಟಿ ಬಂದು, ಇನ್ನೊಂದು ಕೈಯ ಸ್ಪಾನರಿನಿಂದ ತಮ್ಮನ ಬಾಯಿಗೆ ಬೀಸಿದರು. ಮುಂದಿನ ಹಲ್ಲುಗಳು ಮರದ ಹಲಗೆಯ ಮೇಲೆ ಉದುರಿದವು. ಒಂದೇ ಗಾಡಿಯಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಸಾಗಿಸಿದರು. ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಒದೆಯುತ್ತಿದ್ದರಂತೆ.

ಅಂದಿನಿಂದ ಮಾತಿಲ್ಲ. ಕೆಲಸ ಮಾತ್ರ ಬಿಡಲಿಲ್ಲ, ಯಾರ್ಡಿನ ಯಜಮಾನರು ಬಿಡಲೂ ಇಲ್ಲ. ಆ ಇಬ್ಬರು ನಿಲ್ಲಿಸಿದ ಕಂಬದಷ್ಟು ನೆಟ್ಟಗೆ ಬೇರೆ ಯಾರು ನಿಲ್ಲಿಸಿದರೂ ಬರುತ್ತಿರಲಿಲ್ಲ. ಎಡಗಡೆ ಅಕ್ಕ, ಬಲಗಡೆ ತಮ್ಮ. ಹೇಳಬೇಕಾದದ್ದನ್ನೆಲ್ಲ ಕಂಬಕ್ಕೆ ಹೇಳುತ್ತಿದ್ದರು.

"ಏ ಕಂಬ, ನಿನ್ನ ಬಲಗಡೆ ನಿದ್ದೆ ಹೊಡೀತಿದೆ, ಅರ್ಧ ಸುತ್ತು ಎಬ್ಬಿಸು."

"ಏ ಕಂಬ, ನಿನ್ನ ಎಡಗಡೆಗೆ ಬಾಯಿ ಜಾಸ್ತಿ ಆಯ್ತು, ಒಂದು ಸುತ್ತು ಇಳಿಸು."

ಯಾರ್ಡಿನ ಬಣ್ಣದವನಿಗೂ ಬಡಗಿಗೂ ಇದೇ ಮನರಂಜನೆ. ಆದರೆ ಒಂದು ವಿಷಯ ಯಾರೂ ಗಮನಿಸಿರಲಿಲ್ಲ. ಮುಂಚೆ ಕೆಲಸ ಮುಗಿದ ಮೇಲೆ ಅಕ್ಕ ತಮ್ಮನ ಕಡೆ ಹೋಗಿ, ತಮ್ಮ ಅಕ್ಕನ ಕಡೆ ಬಂದು, ಒಬ್ಬರ ತಿರುಪನ್ನು ಇನ್ನೊಬ್ಬರು ಮುಟ್ಟಿ ನೋಡುವ ಕ್ರಮವಿತ್ತು. ಅದು ಜಗಳದ ದಿನವೇ ನಿಂತುಹೋಗಿತ್ತು.

ಯಾರ್ಡಿನಲ್ಲಿ ಇನ್ನೊಂದು ಕಟ್ಟಳೆ ಇದೆ. ಹೊಸ ದೋಣಿ ಮೊದಲ ಸಲ ಹಾಯಿ ಬಿಚ್ಚಿದಾಗ, ತಂತಿ ಬಿಗಿದವರಲ್ಲಿ ಒಬ್ಬರು ಕಂಬದ ಬುಡದಲ್ಲಿ ಕೂರಬೇಕು. ಬಿದ್ದರೆ ಮೊದಲು ಅವರ ತಲೆಯ ಮೇಲೆ ಬೀಳಲಿ ಅಂತ. ಮೊನ್ನೆ ಹೊಸ ದೋಣಿಯೊಂದು ನೀರಿಗಿಳಿದ ದಿನ ಆ ಸರದಿ ಮಾವನದು.

ದೋಣಿಯ ಮಾಲೀಕನನ್ನು ಎಲ್ಲರೂ ಬೆನ್ನ ಹಿಂದೆ ಬಿಳಿಬೂಟು ಅನ್ನುತ್ತಿದ್ದರು. ಗ್ರೀಸು, ಬಣ್ಣ, ಮರದ ಪುಡಿಯ ನಡುವೆ ಆತ ಅಚ್ಚ ಬಿಳಿಯ ಬೂಟು ಹಾಕಿಕೊಂಡೇ ಬರುವುದು. ಪಂದ್ಯದ ಹುಚ್ಚು. ಇಂಜಿನ್ ಇನ್ನೂ ಕೂರಿಸಿರಲಿಲ್ಲ. ಹಾಯಿ ಇದೆಯಲ್ಲ, ಇವತ್ತೇ ಹೋಗೋಣ ಅಂತ ಹಟ ಹಿಡಿದ. ಚುಕ್ಕಾಣಿ ಆತನ ಕೈಯಲ್ಲಿ. ಹಾಯಿಯ ಹಗ್ಗ ನನ್ನ ಗಂಡನ ಕೈಯಲ್ಲಿ, ಅವನ ಕೆಲಸವೇ ಅದು. ಗಾಳಿ ಬೆಳಗಿನಿಂದ ಒಂದೇ ಸಮ, ಹೊರಟ ದೋಣಿಯ ಎಡಗಡೆಯಿಂದ ಬೀಸುತ್ತಿತ್ತು. ಮಗುವಿಗೆ ಶೀತವಾಗುತ್ತದೆ ಅಂತ ನಾನು ಶೆಡ್ಡಿನ ಬಾಗಿಲಲ್ಲೇ ನಿಂತು, ಟೊಪ್ಪಿಯನ್ನು ಅದರ ಹುಬ್ಬಿನ ತನಕ ಎಳೆದಿದ್ದೆ.

"ಉಸಿರಾಡೋಕೆ ಮೂಗಾದ್ರೂ ಬಿಡೇ ಹುಡುಗಿ," ಅಂದರು ಅತ್ತೆ, ಸಾಮಾನು ಎತ್ತಿಡುತ್ತಾ. ದೋಣಿ ಆಗಲೇ ಜೆಟ್ಟಿ ಬಿಟ್ಟಿತ್ತು.

ಮಾವನ ತಗಡಿನ ಡಬ್ಬಿ ನೆಲದ ಮೇಲಿತ್ತು. ಅತ್ತೆ ಅದನ್ನು ಎಂದೂ ಮುಟ್ಟಿದವರಲ್ಲ. ಅವತ್ತೂ ಕಾಲಿನಿಂದಲೇ ಪಕ್ಕಕ್ಕೆ ತಳ್ಳಿದರು. ಅದು ಮಗುಚಿ ಮುಚ್ಚಳ ಹಾರಿತು. ಒಳಗಿನಿಂದ ಬಿದ್ದದ್ದು ಸೊಟ್ಟಗಾದ, ಕಾಲು ಮುರಿದ ಹಳೆಯ ಪಿನ್ನುಗಳು ಮಾತ್ರ.

ಅತ್ತೆ ಬಗ್ಗಿ ನೋಡಿದರು. ಡಬ್ಬಿ ಎತ್ತಿ ಅಲ್ಲಾಡಿಸಿದರು. ತಮ್ಮ ಏಪ್ರನ್ ಜೇಬಿಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದರು. ಬೆಳಿಗ್ಗೆ ಅಂಗಡಿಯಿಂದ ಬಂದ ಹೊಸ ಪಿನ್ನುಗಳು. ಎಡಗಡೆಗೆ ಬೇಕಾದಷ್ಟನ್ನು ಅತ್ತೆ ತೆಗೆದುಕೊಂಡಿದ್ದರು. ಮಾವನ ಪಾಲಿನವು ಹಾಗೇ ಇದ್ದವು.

"ಹುಡುಗಿ, ನಾನಿಲ್ಲದಾಗ ಅವನು ಪಿನ್ ಕೇಳೋಕೆ ಬಂದನಾ?"

"ಇಲ್ಲ ಅತ್ತೆ."

"ನಿನ್ನ ಹತ್ರ? ಬಣ್ಣದವನ ಹತ್ರ?"

"ಯಾರ ಹತ್ರವೂ ಇಲ್ಲ. ಟೇಪ್ ಸುತ್ತುತ್ತಿದ್ದರು, ನೋಡಿದೆ. ಯಾಕತ್ತೆ?"

ಅತ್ತೆಯ ಮುಖದ ಗೆರೆ ಬೆಳ್ಳಗಾಯಿತು. ಪಿನ್ ಇಲ್ಲದ ತಿರುಪಿನ ಮೇಲೆ ಟೇಪ್ ಸುತ್ತಿ ಹೋಗಿ ಕೂತಿದ್ದರು ಮಾವ! ಅಕ್ಕ, ಒಂದು ಪಿನ್ ಕೊಡು ಅನ್ನುವುದಕ್ಕೆ ಆ ಬಾಯಿ ಬರಲಿಲ್ಲ. ಹೇಗೂ ಪಕ್ಕದಲ್ಲೇ ಕೂರುತ್ತೇನೆ, ಕಣ್ಣಿಟ್ಟಿರುತ್ತೇನೆ, ಸಂಜೆ ಬೇರೆ ಎಲ್ಲಿಂದಾದರೂ ತಂದು ಹಾಕಿದರಾಯಿತು ಅಂದುಕೊಂಡಿದ್ದರಂತೆ. ಆಮೇಲೆ ತಿಳಿದದ್ದು.

"ಈಗ ಗಾಳಿ ನನ್ನ ಕಡೆಯಿಂದ ಇದೆ," ಅತ್ತೆ ಓಡುತ್ತಲೇ ಹೇಳಿದರು, ನಾನು ಹಿಂದೆ ಓಡಿದೆ. "ಭಾರವೆಲ್ಲ ನನ್ನ ತಂತಿ ಮೇಲೆ. ಅವನ ಕಡೇದು ಜೋಲು ಬಿದ್ದಿರುತ್ತೆ, ನೀರಲ್ಲಿ ಬಡ್ಕೊಂಡು ಬಿಚ್ಕೋತಾ ಇರುತ್ತೆ. ಅದೇ ದಿಕ್ಕಲ್ಲಿ ಹೋಗೋ ತನಕ ಏನೂ ಆಗಲ್ಲ. ತಿರುಗಿಸಿದ್ರೆ ಗಾಳಿ ಅವನ ಕಡೆ ಬರುತ್ತೆ. ಆ ತಂತಿ ಕಿತ್ಕೊಂಡು ಬರುತ್ತೆ. ಕಂಬ ಅವರ ಮೇಲೆ."

"ತಿರುಗಿಸದೇ ಇದ್ದರೆ?"

ಅತ್ತೆ ಕೈ ತೋರಿಸಿದರು. ದೋಣಿ ಹೋಗುತ್ತಿದ್ದ ನೇರಕ್ಕೆ ಬಂದರಿನ ಕಲ್ಲುಗೋಡೆ. ಅದರ ಬುಡದಲ್ಲಿ ಅಲೆ ಬಡಿದು ಬಿಳಿ ನೊರೆ ಮೇಲಕ್ಕೆ ಚಿಮ್ಮುತ್ತಿತ್ತು.

"ಗೋಡೆ ತುದಿಗೆ ಓಡು. ನಾನು ತಲುಪೋ ತನಕ ತಿರುಗಬೇಡಿ ಅಂತ ಕೂಗು. ಮಗೂನ ಗಟ್ಟಿಯಾಗಿ ಹಿಡ್ಕೋ, ಬೀಳಬೇಡ!" ಎನ್ನುತ್ತಾ ಯಾರ್ಡಿನ ಸಣ್ಣ ಮೋಟಾರ್ ದೋಣಿಗೆ ಧುಮುಕಿದರು. ಅದನ್ನು ನಡೆಸುವವನು ಬೀಡಿ ಸೇದುತ್ತಾ ಕೂತಿದ್ದ. ಏನು ಏನು ಅನ್ನುವುದರೊಳಗೆ ಕುತ್ತಿಗೆಪಟ್ಟಿ ಹಿಡಿದು ಅವನನ್ನು ನೀರಿಗೆ ಎತ್ತಿ ಹಾಕಿದರು. ಈಜು ಬರುತ್ತದೆ ಅವನಿಗೆ, ಆದರೂ.

ನಾನು ಓಡಿದೆ. ಗೋಡೆಯ ಮೇಲಿನ ಕಲ್ಲುಗಳು ಪಾಚಿ ಹಿಡಿದು ಜಾರುತ್ತಿದ್ದವು. ಜಾರಿದರೆ ಮಗುವಿನ ತಲೆ ಮೊದಲು ಯಾವ ಕಲ್ಲಿಗೆ ಬಡಿಯುತ್ತದೆ ಅನ್ನುವುದು ಪ್ರತಿ ಹೆಜ್ಜೆಗೂ ಕಣ್ಣಿಗೆ ಕಟ್ಟುತ್ತಿತ್ತು. ತುದಿ ತಲುಪಿ ಮಗುವಿನ ಟವೆಲ್ ಬೀಸುತ್ತಾ "ತಿರುಗಬೇಡಿ! ತಿರುಗಬೇಡಿ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ.

ದೋಣಿ ಬಲಕ್ಕೆ ವಾಲಿಕೊಂಡು ನೇರ ನನ್ನ ಕಡೆಗೇ ಬರುತ್ತಿತ್ತು. ನನ್ನ ಗಂಡ ನನ್ನನ್ನು ನೋಡಿದ. ಸಂತೋಷದಿಂದ ಕೈ ಬೀಸಿದ. ನನ್ನ ಹೆಂಡತಿ, ನನ್ನ ಮಗು ಅಂತ ಬಿಳಿಬೂಟಿಗೆ ತೋರಿಸಿದ ಬೇರೆ! ಆ ಕ್ಷಣ ಕೈಗೆ ಸಿಕ್ಕಿದ್ದರೆ ಕಂಬ ಬೀಳುವುದಕ್ಕೆ ಮುಂಚೆ ನಾನೇ ಅವನ ತಲೆ ಒಡೆಯುತ್ತಿದ್ದೆ.

ಕಂಬದ ಬುಡದಲ್ಲಿ ಮಾವ ಇರಲಿಲ್ಲ. ಬಲಗಡೆಯ ಅಂಚಿನಲ್ಲಿ ಬೋರಲು ಮಲಗಿ, ಹೆಗಲ ತನಕ ಕೈಯನ್ನು ನೀರಿಗೆ ಇಳಿಸಿದ್ದರು. ಟೇಪ್ ಕಿತ್ತು ಬಾಲದ ಹಾಗೆ ಹಾರುತ್ತಿತ್ತು. ತಂತಿ ಸಡಿಲಾಗಿ ಹಾವಿನ ಹಾಗೆ ಹೊರಳಾಡುತ್ತಿತ್ತು. ಚೌಕಟ್ಟನ್ನು ತಿರುಗಿಸಲು ಹೋದರೆ ತಂತಿಯೇ ಜೊತೆಗೆ ತಿರುಗಿಬಿಡುತ್ತಿತ್ತು; ಒಬ್ಬರು ತಂತಿಯ ತುದಿ ಹಿಡಿಯಬೇಕು, ಇನ್ನೊಬ್ಬರು ತಿರುಗಿಸಬೇಕು. ಒಂಟಿ ಕೈಯ ಕೆಲಸವೇ ಅಲ್ಲ. ಮಾವ ಏನೋ ಕೂಗುತ್ತಿದ್ದರು. ಹಲ್ಲಿಲ್ಲದ ಬಾಯಿ, ಎದುರು ಗಾಳಿ. ಹಿಂದೆ ಕೂತ ಬಿಳಿಬೂಟಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

ಗೋಡೆ ಹತ್ತಿರವಾಯಿತು. ಬಿಳಿಬೂಟು "ರೆಡೀ! ತಿರುಗಿಸ್ತೀನಿ!" ಎಂದು ಚುಕ್ಕಾಣಿ ಹಿಡಿದೆದ್ದ.

ಅಷ್ಟರಲ್ಲಿ ಮೋಟಾರ್ ದೋಣಿ ಬಂದು ಎಡಪಕ್ಕೆಗೆ ಧಡಾರನೆ ಗುದ್ದಿತು. ಹೊಸ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಅತ್ತೆ ಅಂಚು ಹಿಡಿದು ಮೇಲೆ ಹತ್ತಿ, ಮೋಟಾರ್ ದೋಣಿಯನ್ನು ಹಾಗೇ ತೇಲಲು ಬಿಟ್ಟರು.

"ತಿರುಗಿಸಬೇಡಿ!"

"ಯಾರೇ ನೀನು? ನನ್ನ ದೋಣಿಗೆ ಗುದ್ದುತ್ತೀಯಾ? ಇಳಿಯೇ ಕೆಳಗೆ!"

"ಬಲಗಡೆ ತಂತಿ ಬಿಚ್ಚಿದೆ. ಸ್ವಲ್ಪ ತಡೀರಿ!"

"ಗೋಡೆ ಕಾಣಲ್ವೇನೇ, ಮೂದೇವಿ!" ಎನ್ನುತ್ತಾ ಆತ ಚುಕ್ಕಾಣಿಯನ್ನು ಪೂರ್ತಿ ತಳ್ಳಲು ಹೋದ.

ಅತ್ತೆ ಗುದ್ದಿದರು. ಕೆನ್ನೆಗೆ ಬಾರಿಸುವುದಲ್ಲ, ಮುಷ್ಟಿ ಬಿಗಿದು ನೇರ ಮೂಗಿಗೆ. ಒಣ ಕಡ್ಡಿ ಮುರಿದಂಥ ಆ ಸದ್ದು ಗೋಡೆಯ ಮೇಲಿದ್ದ ನನಗೂ ಕೇಳಿಸಿದ ಹಾಗಾಯಿತು. ಆತ ಹಿಂದಕ್ಕೆ ಮಗುಚಿದ. ಬಿಳಿಯ ಬೂಟುಗಳು ಗಾಳಿಯಲ್ಲಿ ಒಮ್ಮೆ ಒದ್ದಾಡಿ, ಅವುಗಳ ಮೇಲೇ ಮೂಗಿನ ರಕ್ತ ಸುರಿಯಿತು. ಎದ್ದು ಬಂದ. ಅತ್ತೆ ಎದೆಗೆ ಒದ್ದರು. ಮತ್ತೆ ಬಿದ್ದ.

"ಮಗನೇ, ಚುಕ್ಕಾಣಿ ಹಿಡಿ! ನಾನು ಹೇಳೋ ತನಕ ಅಲ್ಲಾಡಿಸಿದ್ರೆ ನಿನಗೂ ಇದೇ!"

ನನ್ನ ಗಂಡ ಹಗ್ಗವನ್ನು ಬಿಗಿದು ಚುಕ್ಕಾಣಿ ಹಿಡಿದ. ಹಾಯಿ ಇಳಿಸುವ ಹಾಗಿರಲಿಲ್ಲ. ಇಳಿಸಿದರೆ ಇಂಜಿನ್ ಇಲ್ಲದ ದೋಣಿಯನ್ನು ಅಲೆ ಎತ್ತಿ ಕಲ್ಲಿಗೇ ಅಪ್ಪಳಿಸುತ್ತಿತ್ತು. ಗೋಡೆಗೂ ದೋಣಿಗೂ ನಡುವೆ ಎಷ್ಟು ಕಡಿಮೆ ನೀರು ಉಳಿದಿತ್ತು ಅಂದರೆ, ನನ್ನ ಗಂಡನ ಅಂಗಿಯಲ್ಲಿ ಗುಂಡಿ ಕಿತ್ತುಹೋದ ಜಾಗ ನನಗೆ ಕಾಣುತ್ತಿತ್ತು.

ಅತ್ತೆ ಬಲಗಡೆಗೆ ಜಾರಿ ತಮ್ಮನ ಪಕ್ಕ ಬೋರಲು ಬಿದ್ದರು. ಇಬ್ಬರೂ ಒಂದೇ ಕಡೆ.

"ತಂತಿ ಹಿಡಿಯೋ ಕತ್ತೆ!"

"ಹಿಡಿದಿದೀನಿ, ನೀ ತಿರುಗಿಸೇ ರಾಕ್ಷಸಿ!"

"ಮೇಲಕ್ಕೆ ಹಿಡಿ. ಮೇಲಕ್ಕೆ! ಹಲ್ಲಿನ ಜೊತೆ ಕಣ್ಣೂ ಹೋಯ್ತಾ ನಿಂದು?"

"ಹಲ್ಲು ಉದುರಿಸಿದ್ದು ಯಾರೇ?"

"ಇನ್ನೂ ಉಳಿದಿವೆ, ಬಾಯಿ ಮುಚ್ಚು!"

ಅಲೆ ಬಂದು ಇಬ್ಬರ ತಲೆಯನ್ನೂ ಮುಳುಗಿಸಿತು. ನಾನು ಕಿರುಚಿದೆ. ನೀರು ಇಳಿದಾಗಲೂ ಇಬ್ಬರೂ ಬೈಯುತ್ತಲೇ ಇದ್ದರು. ಸ್ಕ್ರೂ ಕೊನೆಯ ಒಂದೆರಡು ಸುತ್ತುಗಳಲ್ಲಿ ನೇತಾಡುತ್ತಿತ್ತಂತೆ. ಅತ್ತೆ ತಿರುಗಿಸಿದರು, ತಿರುಗಿಸಿದರು, ತಂತಿ ಸ್ವಲ್ಪ ಸ್ವಲ್ಪವಾಗಿ ಹೊರಳಾಟ ನಿಲ್ಲಿಸಿತು. ಪಿನ್ನಿನ ಪೊಟ್ಟಣ ಹತ್ತುವಾಗಲೇ ಜೇಬಿನಿಂದ ಸಮುದ್ರಕ್ಕೆ ಬಿದ್ದಿತ್ತು. ಸೊಂಟದ ಸ್ಕ್ರೂಡ್ರೈವರ್ ಕಿತ್ತು ಚೌಕಟ್ಟಿನ ಸಂದಿಗೆ ಅಡ್ಡ ತೂರಿಸಿದರು. ಅದು ಜಾರಿ ಬೀಳದ ಹಾಗೆ ಯಾರಾದರೂ ಒತ್ತಿ ಹಿಡಿಯಬೇಕಿತ್ತು. ಮಾವ ಅಕ್ಕನ ಕೈಯನ್ನು ತಳ್ಳಿ ತಮ್ಮ ಬಲಗೈ ಇಟ್ಟರು.

"ನಿನ್ನ ಕೈ ತೆಗಿ. ಇದು ನನ್ನ ಕಡೆ."

ಅತ್ತೆ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಎದ್ದು ಕೂಗಿದರು: "ತಿರುಗಿಸೋ!"

ದೋಣಿ ಗೋಡೆಯ ಬುಡದಲ್ಲಿ ತಿರುಗಿತು. ಹಾಯಿ ಬಾಂಬಿನ ಹಾಗೆ ಸಿಡಿದು ಇನ್ನೊಂದು ಮಗ್ಗುಲಿಗೆ ಹೊರಳಿತು. ಗಾಳಿಯೆಲ್ಲ ಬಲಗಡೆ ಬಂತು. ಜೋಲು ಬಿದ್ದಿದ್ದ ತಂತಿ ಟಂಯ್ ಎಂದು ಸೆಟೆಯಿತು, ಕಂಬ ಬುಡದಿಂದ ತುದಿಯ ತನಕ ನರಳಿತು. ತಿರುಪು ಒಂದು ಸಲ ಮಿಡಿದು ಹಿಂದಕ್ಕೆ ತಿರುಗಲು ಹೋಗಿ, ಸ್ಕ್ರೂಡ್ರೈವರನ್ನೂ ಅದನ್ನು ಹಿಡಿದ ಬೆರಳುಗಳನ್ನೂ ಅಂಚಿನ ಕಬ್ಬಿಣಕ್ಕೆ ಒತ್ತಿ ಅರೆಯಿತು. ಮಾವ ಪ್ರಾಣಿಯ ಹಾಗೆ ಕೂಗಿಕೊಂಡರು. ಕೈ ಬಿಡಲಿಲ್ಲ. ಅತ್ತೆ ಅವರನ್ನು ಹಿಂದಿನಿಂದ ತಬ್ಬಿ, ಅವರ ಕೈಯ ಮೇಲೆ ತಮ್ಮ ಕೈ ಒತ್ತಿ ಹಿಡಿದು, ಜೆಟ್ಟಿ ಮುಟ್ಟುವವರೆಗೂ ಬೈದರು. ಅಪ್ಪನನ್ನು ಬೈದರು, ಸತ್ತ ಗಂಡನನ್ನು ಬೈದರು, ಬಿಳಿಬೂಟಿನ ವಂಶವನ್ನೇ ಬೈದರು. ಕಂಬ ನಿಂತೇ ಇತ್ತು.

ಆಸ್ಪತ್ರೆಯಲ್ಲಿ ಮಾವನ ಎರಡು ಬೆರಳು ತೆಗೆದರು. ವಾರ್ಡಿನಲ್ಲಿ ಅತ್ತೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಒದ್ದೆ ಬಟ್ಟೆಯಲ್ಲೇ ಕೂತಿದ್ದರು. ನಾನು ನನ್ನ ಗಂಡನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. ಬಿಳಿಬೂಟು ಮೂಗಿಗೆ ಹತ್ತಿ ತುರುಕಿಕೊಂಡು ಒಬ್ಬ ಪೊಲೀಸನನ್ನು ಕರೆದುಕೊಂಡು ಬಂದ.

"ಹೊಡೆದದ್ದು ಯಾರು?" ಪೊಲೀಸ್ ಕೇಳಿದ.

"ನಾನು," ಅಂದರು ಮಾವ, ಮಲಗಿದಲ್ಲಿಂದಲೇ.

"ಸುಳ್ಳು. ನಾನು," ಅಂದರು ಅತ್ತೆ.

"ಸುಮ್ನಿರೇ. ನಾನೇ ಸಾರ್ ಹೊಡೆದದ್ದು."

"ಮಲಗಿದ್ದೋನು ಹೇಗೋ ಹೊಡೀತೀಯ? ಕೈ ನೀರಲ್ಲಿತ್ತು ನಿಂದು."

"ಕಾಲಲ್ಲಿ ಹೊಡೆದೆ."

"ಮೂಗಿಗಾ?"

ಪೊಲೀಸ್ ಬಿಳಿಬೂಟಿನ ಕಡೆ ತಿರುಗಿದ. "ನೀವೇ ಹೇಳಿ ಸಾರ್. ಇವರಿಬ್ಬರಲ್ಲಿ ಯಾರ ಕೈಲಿ ಏಟು ತಿಂದ್ರಿ? ಇವರು ಯಾಕೆ ಹೊಡೆದ್ರು?"

ಬಿಳಿಬೂಟು ಬಾಯಿ ತೆರೆದ. ನನ್ನ ಗಂಡನನ್ನು ನೋಡಿದ, ಮಾವನ ಕೈಯ ಬ್ಯಾಂಡೇಜ್ ನೋಡಿದ, ನನ್ನ ಕಂಕುಳಲ್ಲಿದ್ದ ಮಗುವನ್ನು ನೋಡಿದ. ಕಂಬ ಬಿದ್ದಿದ್ದರೆ ಯಾರ ಮೇಲೆ ಬೀಳುತ್ತಿತ್ತು ಅಂತ ದಾರಿಯಲ್ಲಿ ಯಾರ್ಡಿನ ಯಜಮಾನರು ಅವನಿಗೆ ಬಿಡಿಸಿ ಹೇಳಿದ್ದರು. "ಜಾರಿ ಬಿದ್ದೆ," ಅಂದ, ಮೂಗಿನಲ್ಲಿ. ಪೊಲೀಸ್ ಟೊಪ್ಪಿ ಸರಿಮಾಡಿಕೊಂಡು ಹೊರಟ. ಬಿಳಿಬೂಟು ಅವನ ಹಿಂದೆ.

ಬಾಗಿಲು ಹಾಕಿಕೊಂಡ ಮೇಲೆ ಅತ್ತೆ ತಮ್ಮನ ಕೆನ್ನೆಗೆ ಫಟಾರನೆ ಬಾರಿಸಿದರು.

"ಒಂದು ಪಿನ್ನು! ಒಂದು ಪಿನ್ನು ಕೇಳೋಕಾಗ್ಲಿಲ್ವಾ ನಿನಗೆ? ನನ್ನ ಮಗ ಇದ್ದ ಅದರೊಳಗೆ!"

"ನಾನೂ ಇದ್ದೆ."

"ನೀನು ಸತ್ರೆ ಯಾರಿಗೆ ಬೇಕು!" ಅಂದರು ಅತ್ತೆ. ಅನ್ನುತ್ತಲೇ ಒರಟು ಅಂಗೈಯಿಂದ ಆ ಕೆನ್ನೆಯನ್ನೇ ತಿಕ್ಕತೊಡಗಿದರು, ತುಕ್ಕು ತೆಗೆಯುವ ಹಾಗೆ.

"ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿರಲಿಲ್ಲ. ಬೈದು ಕೊಡ್ತಿದ್ದೆ."

"ಮತ್ತೆ!"

"ಏನೋ ಮತ್ತೆ?"

ದನಿ ಏರಿತು. ಪಕ್ಕದ ಮಂಚದ ರೋಗಿ ಕಿವಿಗೆ ದಿಂಬು ಒತ್ತಿಕೊಂಡ. ಮಗು ಅಳತೊಡಗಿತು. ನರ್ಸ್ ಓಡಿ ಬಂದು, ಇದು ಆಸ್ಪತ್ರೆ, ಇಬ್ಬರಲ್ಲಿ ಒಬ್ಬರು ಹೊರಗೆ ಹೋಗಿ ಅಂದಳು. ಮಂಚದ ಮೇಲಿದ್ದ ಮಾವನೇ ಮೊದಲು ಎದ್ದು ಕೂತರು. ಅತ್ತೆ ಅವರನ್ನು ಭುಜ ಹಿಡಿದು ಮತ್ತೆ ದಿಂಬಿಗೆ ಅದುಮಿ, ಸ್ಟೂಲನ್ನು ಮಂಚಕ್ಕೆ ಇನ್ನೂ ಹತ್ತಿರ ಎಳೆದುಕೊಂಡು, ಬಿಟ್ಟಲ್ಲಿಂದ ಬೈಗುಳ ಮುಂದುವರಿಸಿದರು.